ನಲ್ಲಿ ಬಿಟ್ಟು ಮಸೆದ ಗಾಳಗಳು

ಮಾರ್ಚ್ 4

ಬರೆಯದೆ ಇದ್ದರೆ ಇವತ್ತು ಯಾರನ್ನಾದರೂ ಕಚ್ಚಿಬಿಡುತ್ತೇನೆ. ಕಚ್ಚಿಸಿಕೊಳ್ಳುವುದಕ್ಕೆ ಮನೆಯಲ್ಲಿ ಇರುವವರು ಇಬ್ಬರೇ. ಗೋಡೆಗೆ ಮುಖ ಮಾಡಿ ಮಲಗಿರುವ ಇವರು, ಕಿಟಕಿಗೆ ಮುಖ ಮಾಡಿ ಕೂತಿರುವ ಮುದುಕಿ, ಇವರ ತಾಯಿ. ಮುಖ ಮಾಡಲು ನನಗೆ ಉಳಿದಿರುವುದು ಒಲೆಯೊಂದೇ.

ಬೆಳಗ್ಗೆ ಬೋಟಿನ ಧಣಿ ಬಂದಿದ್ದ. ಒಳಗೆ ಬರಲಿಲ್ಲ. ಮೆಟ್ಟಿಲ ತುದಿಯಲ್ಲೇ ನಿಂತು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಹೇಗಿದಾನಮ್ಮಾ?"

"ಪರವಾಗಿಲ್ಲ."

"ತಮ್ಮನನ್ನ ಕಳ್ಕೊಂಡಿದಾನೆ. ನಾನೇನು ಕಲ್ಲಲ್ಲ ನೋಡು. ಈಗಲೇ ಬೋಟಿಗೆ ಬಾ ಅನ್ನಲ್ಲ. ಆದ್ರೆ ಗಾಳಗಳೆಲ್ಲ ತುಕ್ಕು ಹಿಡೀತಿವೆ, ನಾಡಿದ್ದು ಬೋಟು ಹೊರಡ್ಬೇಕು. ಮನೇಲೇ ಕೂತು ಮಸೆದುಕೊಟ್ರೂ ಸಾಕು. ಅದೂ ಆಗಲ್ಲ ಅಂದ್ರೆ ಬೇರೆಯವನನ್ನ ಹುಡುಕ್ಬೇಕು. ಅವನಿಗೂ ಇರೋಕೆ ಮನೆ ಬೇಕಲ್ಲಮ್ಮಾ."

ಈ ಎರಡು ಕೋಣೆ ಕೆಲಸದ ಜೊತೆ ಬಂದದ್ದು. ಕೆಳಗೆ ಬಲೆ, ಹಗ್ಗ ತುಂಬಿಡುವ ಗೋದಾಮು, ಮೇಲೆ ನಾವು. ಕೆಲಸ ಹೋದರೆ ಮಂಡಿ ಬಿದ್ದುಹೋದ ಒಬ್ಬಳನ್ನೂ ಬದುಕೇ ಬಿದ್ದುಹೋದ ಒಬ್ಬರನ್ನೂ ಕಟ್ಟಿಕೊಂಡು ಯಾವ ಬೀದಿಗೆ ಹೋಗಲಿ?

"ಮಾಡ್ತಾರೆ. ಗಾಳದ ಟಬ್ಬು ಮೇಲೆ ಕಳಿಸಿ," ಎಂದೆ. ಸುಳ್ಳು ಬೆಣ್ಣೆಯ ಹಾಗೆ ಜಾರಿ ಬಂತು.

ಧಣಿ ಇಳಿದುಹೋದ ಮೇಲೆ ಮುದುಕಿ ಕತ್ತು ಕೂಡ ತಿರುಗಿಸದೆ ಶುರು ಮಾಡಿದಳು. "ಅಟ್ಟೆ ಸವೆದ ಬೂಟು ಹಾಕ್ಕೊಂಡು ಹೋಯ್ತು ನನ್ನ ಮಗು. ಮೋಚಿಗೆ ಕೊಡು ಅಂತ ನಿನಗೆ ಹೇಳಿದ್ದೆ. ಕೊಟ್ಟಿದ್ರೆ ಕಾಲು ಜಾರ್ತಿತ್ತಾ?"

ಮೈದುನನ ಕಾಲು ಜಾರಲಿಲ್ಲ. ಸಾಲಾಗಿ ಗಾಳ ಕಟ್ಟಿದ ಹಗ್ಗ ಸಮುದ್ರಕ್ಕೆ ಇಳಿಯುತ್ತಿದ್ದಾಗ ಒಂದು ಗಾಳ ಅವನ ಅಂಗೈಗೆ ನೆಟ್ಟಿತು. ಹಗ್ಗದ ಜೊತೆ ಅವನೂ ಹೋದ. ಇವರು ಬರಿಗೈಯಲ್ಲಿ ಹಗ್ಗ ಹಿಡಿದರು. ಎರಡೂ ಅಂಗೈ ಸೀಳಿತು, ಹಗ್ಗ ನಿಲ್ಲಲಿಲ್ಲ. ಮೇಲೆ ಎಳೆದು ತರುವ ಹೊತ್ತಿಗೆ ಮುಗಿದಿತ್ತು. ಆ ಗಾಳ ಮಸೆದವರೂ ಇವರೇ. ಹೆಣ ಮನೆಗೆ ತಂದ ದಿನ ನನ್ನ ಕಿವಿಯಲ್ಲಿ ಹೇಳಿದರು, "ಮೊಂಡಾಗಿದ್ದಿದ್ರೆ ಕಿತ್ಕೊಂಡು ಬರ್ತಿತ್ತು. ಅಮ್ಮಂಗೆ ಹೇಳ್ಬೇಡ." ಅದೇ ಕೊನೆಯ ಮಾತು. ಅವತ್ತಿನಿಂದ ಬಾಯಿ ಬಿಟ್ಟಿಲ್ಲ.

ಮುದುಕಿಗೆ ಕಾಲು ಜಾರಿತು ಅಂತ ಹೇಳಿದ್ದೇವೆ. ಜಾರಿದ್ದಕ್ಕೆ ಬೂಟು ಕಾರಣ, ಬೂಟಿಗೆ ನಾನು ಕಾರಣ. ನುಂಗಿಕೊಂಡಿದ್ದೇನೆ. ಇನ್ನೆಷ್ಟು ದಿನ ನುಂಗಬಲ್ಲೆನೋ.

ಮಾರ್ಚ್ 5

ಟಬ್ಬು ಬಂತು. ಒಳಗೆ ಹಗ್ಗ ಹಾವಿನ ಹಾಗೆ ಸುತ್ತಿಕೊಂಡಿದೆ, ಅಂಚಿನ ಸುತ್ತ ಗಾಳಗಳನ್ನು ಸಿಕ್ಕಿಸಿದ್ದಾರೆ. ಇವರು ಗಾಳ ಮಸೆಯುವುದನ್ನು ದಿನಾ ಕಂಡವಳು ನಾನು. ಆದರೆ ಕಾಣುವುದಕ್ಕೂ ಕೈಗೆ ತೆಗೆದುಕೊಳ್ಳುವುದಕ್ಕೂ ಅಜಗಜಾಂತರ.

ಅಡುಗೆಮನೆಯಲ್ಲಿ ಕೂತು ಮೂರು ಮೂಲೆಯ ಅರ ಹಿಡಿದು ಒಂದು ಸಲ ಉಜ್ಜಿದೆ. ಕರ್ರ್ ಎಂದಿತು. ಒಳಕೋಣೆಯಿಂದ ಇನ್ನೊಂದು ಸದ್ದು ಬಂತು. ಮನುಷ್ಯರ ಗಂಟಲಿಂದ ಅಂಥದ್ದು ಬಂದದ್ದನ್ನು ನಾನು ಕೇಳಿರಲಿಲ್ಲ. ಓಡಿಹೋದೆ. ಇವರು ದಿಂಬನ್ನು ತಲೆಗೆ ಒತ್ತಿಕೊಂಡು ನಡುಗುತ್ತಿದ್ದರು. ಬೆನ್ನೆಲ್ಲ ಬೆವರು.

"ಇಲ್ಲ ರೀ, ಮಾಡಲ್ಲ. ಮಾಡಲ್ಲ," ಎಂದು ಬೆನ್ನು ಸವರಿದೆ.

ಮಾಡದೆ ಗತಿಯಿಲ್ಲ. ಕೊನೆಗೆ ಟಬ್ಬನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದೆ. ನಲ್ಲಿ ಪೂರ್ತಿ ತಿರುಗಿಸಿದೆ. ಬಕೆಟ್ಟಿಗೆ ನೀರು ಬೀಳುವ ಸದ್ದಿನಲ್ಲಿ ಅರದ ಸದ್ದು ಮುಳುಗಿತು. ಬಕೆಟ್ಟು ತುಂಬಿದರೆ ಚೆಲ್ಲುವುದು, ಮತ್ತೆ ಇಡುವುದು, ಮತ್ತೆ ಉಜ್ಜುವುದು. ಗಾಳದ ಮೊನೆಯ ಕೆಳಗೆ ಹಿಮ್ಮುಖವಾಗಿ ಒಂದು ಸಣ್ಣ ಮುಳ್ಳಿರುತ್ತದೆ. ಮೀನನ್ನು ಬಿಡದಿರುವುದು ಅದೇ. ನನ್ನ ಬೆರಳನ್ನೂ ಬಿಡಲಿಲ್ಲ.

ಹೊರಗಿನಿಂದ ಮುದುಕಿ ಬಾಗಿಲು ಬಡಿದಳು. "ಇದು ಎಷ್ಟನೇ ಸ್ನಾನ ಕಣೆ? ಏನು, ಮದುವೆ ಹೆಣ್ಣಾ ನೀನು?"

ಅವಳು ನನ್ನ ಮೇಲೆ ಕತ್ತಿ ಮಸೆಯುತ್ತಾಳೆ, ನಾನು ಗಾಳ ಮಸೆಯುತ್ತೇನೆ. ಮನೆ ತುಂಬ ಮಸೆತವೇ.

ಮಾರ್ಚ್ 6

ಬೋಟು ಹೋಯಿತು. ಬೆರಳಿಗೆಲ್ಲ ಬಟ್ಟೆ ಸುತ್ತಿಕೊಂಡಿದ್ದೇನೆ. ಇವರಿಗೆ ಗಂಜಿ ತಿನ್ನಿಸುವಾಗ ಎರಡು ಸಲ ಚಮಚ ಬಿತ್ತು. ಇವರು ನೋಡಲೂ ಇಲ್ಲ.

ಮಾರ್ಚ್ 11

ಬೋಟು ಬಂತು, ಅರ್ಧ ಖಾಲಿ. ಬೋಟಿನ ಅಡುಗೆಯವನು ಟಬ್ಬು ಹೊತ್ತು ಮೇಲೆ ಬಂದ. ಅವನನ್ನು ಎಲ್ಲರೂ ಗೊಣಗ ಅನ್ನುತ್ತಾರೆ. ದೇವರೇ ಎದುರು ಬಂದರೂ ತಡವಾಗಿ ಬಂದೆ ಅಂತ ಗೊಣಗುವ ಆಸಾಮಿ. ಆದರೆ ಮೈದುನನ ಕೈಗೆ ಬಟ್ಟೆ ಸುತ್ತಿ, ಮುಖ ತೊಳೆದು ಮನೆಗೆ ತಂದವನೂ ಅವನೇ.

"ಅಕ್ಕಾ, ಮೀನು ಕಚ್ತಾವೆ, ಎಳೆಯೋವಾಗ ಜಾರ್ಕೊಂಡು ಹೋಗ್ತಾವೆ. ಧಣಿ ಕೇಳ್ತಿದಾನೆ, ಇವನ ಕೈ ಮೊಂಡಾಯ್ತಾ ಅಂತ." ಆಮೇಲೆ ನನ್ನ ಬೆರಳುಗಳನ್ನು ನೋಡಿದ. ಬಾಯಿಗೆ ಬಂದ ಗೊಣಗಾಟವನ್ನು ನುಂಗಿಕೊಂಡು, "ಮುಂದಿನ ಸಲಾನೂ ಹಿಂಗೇ ಆದ್ರೆ ಕಷ್ಟ," ಎಂದು ಇಳಿದುಹೋದ.

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಸುಮ್ಮನೆ ಕೂತೆ. ಅರವನ್ನೂ ಮುಟ್ಟಲಿಲ್ಲ. ಚಿಲಕ ಹಾಕಿರಲಿಲ್ಲ. ಬಾಗಿಲು ತೆರೆದು ಮುದುಕಿ ನಿಂತಿದ್ದಳು. ಟಬ್ಬು ನೋಡಿದಳು, ಗಾಳಗಳ ಮೇಲಿನ ಗೀರು ನೋಡಿದಳು, ನನ್ನ ಕೈ ನೋಡಿದಳು. ಇನ್ನು ಶುರುವಾಯಿತು ರಾಮಾಯಣ ಅಂದುಕೊಂಡೆ.

"ಹಿಂದೆ ಮುಂದೆ ಉಜ್ಜೋಕೆ ಇದೇನು ಪಾತ್ರೆನಾ?" ಎಂದಳು. "ಸ್ಟೂಲು ಕೊಡಿಲ್ಲಿ."

ಇವಳು ಮದುವೆಗೆ ಮುಂಚೆ ಅಪ್ಪನ ಜೊತೆ ಕೂತು ಇದೇ ಕೆಲಸ ಮಾಡಿದವಳಂತೆ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೇವೆ, ನನಗೆ ಗೊತ್ತಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಮಾರ್ಚ್ 14

ಬಚ್ಚಲಲ್ಲಿ ಇಬ್ಬರೂ ಕೂರುತ್ತೇವೆ. ಮಂಡಿಗೆ ಮಂಡಿ ತಾಗುವಷ್ಟೇ ಜಾಗ. ಮೊನೆಯ ಕಡೆಗೆ ಒಂದೇ ದಿಕ್ಕಿನಲ್ಲಿ ಎಳೆಯಬೇಕು. ಮೂರು ಮುಖವೂ ಸಮ ಬರಬೇಕು. ಅತಿಯಾಗಿ ಚೂಪು ಮಾಡಿದರೆ ಮೊನೆ ತೆಳುವಾಗಿ ಮೊದಲನೇ ಮೀನಿಗೇ ಮಡಚಿಕೊಳ್ಳುತ್ತದೆ. ಮಸೆದದ್ದನ್ನು ಉಗುರಿನ ಮೇಲೆ ಇಟ್ಟು ಮೆಲ್ಲಗೆ ಎಳೆಯುವುದು. ಜಾರಿದರೆ ಮೊಂಡು, ತಡೆದು ನಿಂತರೆ ಸರಿ. ಕೊನೆಗೆ ಎಣ್ಣೆ ಬಟ್ಟೆಯಲ್ಲಿ ಒರೆಸುವುದು.

ನನ್ನ ಗಾಳಗಳನ್ನು ಇವರ ತಾಯಿ ತಮ್ಮ ಉಗುರಿನ ಮೇಲೆ ಇಟ್ಟು ನೋಡುತ್ತಾರೆ. ಜಾರಿದ್ದನ್ನು ಮಾತಾಡದೆ ನನ್ನ ಮಡಿಲಿಗೆ ಎಸೆಯುತ್ತಾರೆ. ಇವತ್ತು ಎಸೆದದ್ದು ಕಡಿಮೆ.

ಸಂಜೆ ಕೇಳಿದರು, "ಅರದ ಸದ್ದು ಅಂದ್ರೆ ಅವನ್ಯಾಕೆ ಹಂಗೆ ಬೆಚ್ಚಿಬೀಳ್ತಾನೆ?"

"ತಲೆನೋವು ಅಂತಾರೆ," ಎಂದೆ. ನಲ್ಲಿಯನ್ನು ಇನ್ನಷ್ಟು ತಿರುಗಿಸಿದೆ.

ಮಾರ್ಚ್ 20

ಬೋಟು ತುಂಬಿ ಬಂತಂತೆ. ಧಣಿ ಕೆಳಗಿಂದಲೇ ಕೂಗಿದ, "ಇವನ ಕೈ ತಿರುಗಿ ಬಂತಮ್ಮಾ!"

ಕೈ ತಿರುಗಿ ಬಂದ ಮನುಷ್ಯ ಹಾಸಿಗೆಯಲ್ಲಿ ಒದ್ದೆ ಮಾಡಿಕೊಂಡು ಮಲಗಿದ್ದರು. ಎಬ್ಬಿಸಿದೆ, ಏಳಲಿಲ್ಲ. ಎಳೆದೆ, ಹೆಣಭಾರ. "ಸಾಯ್ಬೇಕು ಅಂದ್ರೆ ಸಾಯಿರಿ, ಇಲ್ಲ ಬದುಕಿ. ನಡುವೆ ಬಿದ್ದು ನನ್ನನ್ನ ಯಾಕೆ ಕೊಲ್ತೀರಿ?" ಎಂದೆ. ಕೆನ್ನೆಗೆ ಹೊಡೆದೆ. ಇವರು ಹೊಡೆತ ಬಿದ್ದ ಕೆನ್ನೆಯನ್ನು ಹಾಗೇ ಇಟ್ಟುಕೊಂಡು ನನ್ನನ್ನು ನೋಡಿದರು, ಇನ್ನೂ ಬೇಕು ಅನ್ನುವ ಹಾಗೆ.

ಹಾಸಿಗೆ ಒಗೆದು ಹಾಕಿದೆ.

ಮಾರ್ಚ್ 23

ಹೇಳಬಾರದ್ದನ್ನು ಹೇಳಿಬಿಟ್ಟೆ.

ಬೋಟಿನಲ್ಲಿ ಉಳಿದಿದ್ದ ಮೈದುನನ ಸಾಮಾನನ್ನು ಗೊಣಗ ಚೀಲದಲ್ಲಿ ತಂದು ಬಾಗಿಲಲ್ಲಿ ಇಟ್ಟು ಹೋಗಿದ್ದ. ನಾನು ಕೆಳಗೆ ಟಬ್ಬು ಕೊಟ್ಟು ಮೇಲೆ ಬಂದೆ. ತಟ್ಟೆ ಹಾಕಿಕೊಂಡು ಊಟಕ್ಕೆ ಕೂರಬೇಕು, ನನ್ನ ತಟ್ಟೆಯ ಪಕ್ಕದಲ್ಲಿ ಮೈದುನನ ಬೂಟುಗಳು. ಒಂದನ್ನು ಬೋರಲು ಹಾಕಿ ಸವೆದ ಅಟ್ಟೆ ಕಾಣುವ ಹಾಗೆ ಇಟ್ಟಿದ್ದಳು ಮುದುಕಿ.

"ಉಣ್ಣು," ಎಂದಳು. "ನೋಡ್ಕೊಂಡು ಉಣ್ಣು."

ಇಷ್ಟು ದಿನ ಮಂಡಿಗೆ ಮಂಡಿ ತಾಗಿಸಿ ಕೂತಿದ್ದೆವಲ್ಲ. ಬಹುಶಃ ಅದಕ್ಕೇ ತಡೆಯಲಾಗಲಿಲ್ಲ. ಮುಂಚಿನ ಹಾಗೆ ಬರೀ ಶತ್ರುವಾಗಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ.

"ಬೂಟಲ್ಲ ಅತ್ತೆ!" ಎಂದು ಕಿರುಚಿದೆ. "ಬೂಟಲ್ಲ, ಕಾಲಲ್ಲ, ನಾನಲ್ಲ! ಗಾಳ! ನಿಮ್ಮ ದೊಡ್ಡ ಮಗ ಮಸೆದ ಗಾಳ! ಅಂಗೈಗೆ ನೆಟ್ಕೊಂಡು ಎಳ್ಕೊಂಡು ಹೋಯ್ತು. ಅದಕ್ಕೇ ಅವನ ಕೈಗೆ ಬಟ್ಟೆ ಸುತ್ತಿದ್ದು. ಅದಕ್ಕೇ ಇವರು ಹಿಂಗೆ ಬಿದ್ದಿರೋದು. ಈಗ ಗೊತ್ತಾಯ್ತಾ?"

ಮುದುಕಿಯ ಮುಖದಲ್ಲಿ ಏನೂ ಆಗಲಿಲ್ಲ. ಬೂಟುಗಳನ್ನು ಒಂದೊಂದಾಗಿ ಎತ್ತಿಕೊಂಡಳು. ಬೋರಲಾಗಿದ್ದದ್ದನ್ನು ಸರಿ ಮಾಡಿ ಜೋಡಿಸಿದಳು. ಕಿಟಕಿಗೆ ಹೋಗಿ ಕೂತಳು.

ಒಳಕೋಣೆಯ ಬಾಗಿಲು ತೆರೆದೇ ಇತ್ತು. ಇವರಿಗೆ ಎಲ್ಲ ಕೇಳಿಸಿದೆ.

ಮಾರ್ಚ್ 24

ಯಾರೂ ಉಣ್ಣಲಿಲ್ಲ.

ಮಾರ್ಚ್ 25

ಇವತ್ತಿನದನ್ನು ಒಂದೂ ಬಿಡದೆ ಬರೆಯುತ್ತೇನೆ.

ಬೆಳಗ್ಗೆ ಗೋದಾಮಿಗೆ ಹೋಗಿ ಎಣ್ಣೆ ಡಬ್ಬಿ ತಂದೆ. ಅಷ್ಟೇ ಹೊತ್ತು. ಮೇಲೆ ಬಂದರೆ ಹಾಸಿಗೆ ಖಾಲಿ. ಚಾದರವನ್ನು ಮಡಿಸಿ ಇಟ್ಟಿದ್ದರು. ತಿರುಗಿ ಬರುವವರು ಹಾಗೆ ಮಡಿಸಿಡುವುದಿಲ್ಲ. ಕಿಟಕಿಯ ಬಳಿ ಕುರ್ಚಿಯೂ ಖಾಲಿ. ಚಿಕ್ಕ ಮಗನ ಹೆಣವನ್ನು ಕಳಿಸಿಕೊಟ್ಟ ದಿನದಿಂದ ಮೆಟ್ಟಿಲು ಇಳಿಯದ ಜೀವ ಅದು.

ಬೋಟು ಕಟ್ಟುವ ಧಕ್ಕೆಗೆ ಓಡಿದೆ. ಬೋಟಿನಲ್ಲಿ ಇಲ್ಲ. ಡೀಸೆಲ್ ಬಂಕಿನಲ್ಲಿ ಇಲ್ಲ. ಗೊಣಗ ಮೀನು ಉಜ್ಜುತ್ತಿದ್ದವನು ಚಾಕು ಅಲ್ಲೇ ಬಿಸಾಕಿ ನನ್ನ ಹಿಂದೆ ಓಡಿಬಂದ. ಮಂಜುಗಡ್ಡೆ ಕಾರ್ಖಾನೆಯ ಹತ್ತಿರ ಯಾರೋ ಹೇಳಿದರು, "ವಯಸ್ಸಾದ ಹೆಂಗಸೊಬ್ಬರು ಗೋಡೆ ಹಿಡ್ಕೊಂಡು ಹಿಡ್ಕೊಂಡು ಅಲೆ ತಡೆಯೋ ಕಟ್ಟೆ ಕಡೆ ಹೋದ್ರು."

ಕಟ್ಟೆ ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಅದರ ತುದಿಯಲ್ಲಿ ಎರಡು ಬೆನ್ನು. ಇವರು ಕಾಲು ಕೆಳಗೆ ಬಿಟ್ಟು ಕೂತಿದ್ದರು. ಕೆಳಗೆ ನೀರು ಬಂಡೆಗೆ ಬಡಿದು ಬೆಳ್ಳಗೆ ಏಳುತ್ತಿತ್ತು. ಪಕ್ಕದಲ್ಲಿ ಅತ್ತೆ. ಗೊಣಗ ನುಗ್ಗಲು ಹೋದ, ನಾನು ಅವನ ತೋಳು ಹಿಡಿದೆ. ಓಡಿದರೆ ಇವರು ಬೆಚ್ಚಿಬಿದ್ದರೆ? ಮೆಲ್ಲಗೆ ನಡೆದೆವು. ಹತ್ತಿರ ಹೋದಾಗ ಕಂಡಿತು. ಇವರ ಕೈಯೊಂದನ್ನು ಅತ್ತೆ ತಮ್ಮ ಮಡಿಲಲ್ಲಿ ಇಟ್ಟುಕೊಂಡು, ಮಡಚಿದ ಬೆರಳುಗಳನ್ನು ಬಿಡಿಸಿ, ಅಂಗೈಯ ಗಾಯವನ್ನು ನೋಡುತ್ತಿದ್ದರು.

"ಹೋಗೋವಾಗ ಕರೆದ್ನಾ?" ಎಂದು ಅತ್ತೆ ಕೇಳಿದರು.

"ಹೂಂ." ಇಷ್ಟು ದಿನದ ಮೇಲೆ ಇವರ ಧ್ವನಿ. ತುಕ್ಕು ಹಿಡಿದ ಹಾಗಿತ್ತು.

"ಏನಂತ?"

"ಅಣ್ಣಾ ಅಂತ."

ಅಲೆ ಬಂದು ಹೋಯಿತು.

"ಅಮ್ಮಾ ಅನ್ಲಿಲ್ವಾ?"

"ಇಲ್ಲಮ್ಮಾ."

"ಹತ್ರ ಇದ್ದವನನ್ನ ಕರೆದ. ಸರಿಯಾಗೇ ಕರೆದಿದಾನೆ."

ಇವರ ಭುಜ ಕುಲುಕಲು ಶುರುವಾಯಿತು. "ನಾನೇ ಕೊಂದೆ ಅಮ್ಮಾ. ನಾನು ಮಸೆದ ಗಾಳ."

ಅತ್ತೆ ಆ ಕೈಯನ್ನು ಮತ್ತೆ ಮಡಚಿ ಇವರ ತೊಡೆಯ ಮೇಲೆ ಇಟ್ಟರು. "ನನಗೆ ಈಗ ಏನೂ ಹೇಳಕ್ಕೆ ಗೊತ್ತಾಗ್ತಿಲ್ಲ ಕಣೋ. ಒಂದು ಗಳಿಗೆ ನಿನ್ನ ಮುಖ ನೋಡೋಕಾಗಲ್ಲ ಅನ್ಸುತ್ತೆ, ಒಂದು ಗಳಿಗೆ ಇದೊಂದಾದ್ರೂ ಉಳೀಲಿ ಅನ್ಸುತ್ತೆ. ಅದೆಲ್ಲ ಆಮೇಲೆ. ಈಗ ನನ್ನ ಮಂಡಿ ಹಿಡ್ಕೊಂಡುಬಿಟ್ಟಿದೆ, ಏಳಕ್ಕಾಗ್ತಿಲ್ಲ. ನೀನು ಎಲ್ಲಿಗೆ ಹೋಗೋದಿದ್ರೂ ಮೊದಲು ನನ್ನನ್ನ ಮನೆ ಮುಟ್ಟಿಸಿ ಹೋಗು."

ಇವರು ನೀರನ್ನೇ ನೋಡುತ್ತಿದ್ದರು. ನನ್ನ ಜೀವನದಲ್ಲಿ ಅಷ್ಟು ಉದ್ದದ ಹೊತ್ತು ಇನ್ನೊಂದಿಲ್ಲ. ಅತ್ತೆ ಇವರ ಅಂಗಿಯನ್ನು ಹಿಡಿದುಕೊಂಡಿರಲಿಲ್ಲ. ತೋಳನ್ನೂ ಹಿಡಿದಿರಲಿಲ್ಲ. ಸುಮ್ಮನೆ ಕಾಲು ಚಾಚಿ ತಮ್ಮ ಮಂಡಿ ನೀವಿಕೊಳ್ಳುತ್ತಿದ್ದರು, ಬಸ್ಸಿಗೆ ಕಾಯುವವರ ಹಾಗೆ.

ಇವರು ಕಾಲು ಮೇಲೆ ಎಳೆದುಕೊಂಡರು. ಎದ್ದರು. ತಾಯಿಯ ಮುಂದೆ ಬೆನ್ನು ಬಗ್ಗಿಸಿ ಕೂತರು.

ಗೊಣಗನೂ ನಾನೂ ಅತ್ತೆಯನ್ನು ಹಿಡಿದು ಇವರ ಬೆನ್ನಿಗೆ ಹತ್ತಿಸಿದೆವು. ತಿಂಗಳಿಂದ ಸರಿಯಾಗಿ ಉಣ್ಣದ ಮೈ, ಇವರ ಕಾಲು ಪ್ರತಿ ಹೆಜ್ಜೆಗೂ ತೂರಾಡುತ್ತಿತ್ತು. ಇಳಿಸಲಿಲ್ಲ. ಕಾರ್ಖಾನೆಯವರು, ಬಲೆ ಹೊಲಿಯುವವರು ಎಲ್ಲರೂ ಎದ್ದು ನಿಂತು ನೋಡಿದರು. "ಗಂಡಸರು ಇಷ್ಟೊಂದು ಜನ ಇದೀರಿ, ದಾರಿ ಬಿಡೋದು ಗೊತ್ತಿಲ್ವೇನ್ರೋ," ಎಂದು ಗೊಣಗ ಎಲ್ಲರನ್ನೂ ಬೈಯುತ್ತಾ, ಮೂಗು ಒರೆಸಿಕೊಳ್ಳುತ್ತಾ ಮುಂದೆ ನಡೆದ. ಮೆಟ್ಟಿಲ ಬಳಿ ನಾನು, "ಸಾಕು ರೀ, ನಾನು ಹಿಡ್ಕೋತೀನಿ," ಎಂದೆ. ಬೇಡ ಅಂತ ತಲೆಯಾಡಿಸಿದರು.

ಮಾರ್ಚ್ 26

ಅತ್ತೆ ತಮ್ಮ ಹಾಸಿಗೆಯನ್ನು ಇವರ ಕೋಣೆಯ ಬಾಗಿಲಿಗೆ ಅಡ್ಡ ಹಾಕಿಸಿಕೊಂಡಿದ್ದಾರೆ. ದಾಟಿ ಹೋಗಬೇಕಾದರೆ ಅವರನ್ನು ತುಳಿದೇ ಹೋಗಬೇಕು.

ಏಪ್ರಿಲ್ 2

ಇವರು ಎದ್ದು ಕೂರುತ್ತಾರೆ. ತಮ್ಮ ಕೈಯಿಂದಲೇ ಉಣ್ಣುತ್ತಾರೆ, ಅರ್ಧ ಚೆಲ್ಲುತ್ತಾರೆ. ಕೆಲವು ದಿನ ಮತ್ತೆ ಗೋಡೆಗೆ ತಿರುಗುತ್ತಾರೆ. ಆಗ ನಾನಾಗಲಿ ಅತ್ತೆಯಾಗಲಿ ಮನೆಯಿಂದ ಕದಲುವುದಿಲ್ಲ.

ಧಣಿಗೆ ವಿಷಯ ಹೇಗೋ ತಿಳಿದಿದೆ. ಬಂದ. ಈ ಸಲ ಒಳಗೇ ಬಂದ.

"ಇಷ್ಟು ದಿನ ಗಾಳ ಮಸೆದಿದ್ದು ಯಾರು?"

ನಾನು ಬಾಯಿ ಬಿಡುವ ಮೊದಲೇ ಅತ್ತೆ, "ನಾವಿಬ್ರೂ. ಮೀನಿಗೇನಾದ್ರೂ ಬೇಜಾರಾಯ್ತಾ?" ಎಂದರು.

ಧಣಿಗೆ ನಗು ಬಂತು, ಸಾವಾದ ಮನೆ ಅಂತ ತಡೆದುಕೊಂಡ. ಈ ಹಂಗಾಮು ಮುಗಿಯುವವರೆಗೆ ಇರಿ, ಆಮೇಲೆ ಬೋಟಿಗೆ ಒಬ್ಬ ಗಂಡಾಳು ಬೇಕೇ ಬೇಕು, ಆಗ ಮನೆಯ ವಿಷಯ ನೋಡೋಣ ಎಂದ. ಇವರು ಇನ್ನು ಬೋಟು ಹತ್ತುವುದಿಲ್ಲ, ಅದು ನನಗೂ ಗೊತ್ತು, ಅವನಿಗೂ ಗೊತ್ತು. ಹಂಗಾಮು ಮುಗಿದ ಮೇಲೆ ಎಲ್ಲಿ ಇರುತ್ತೇವೋ. ಗೋಣಿಚೀಲ ಸಿಕ್ಕಿದರೆ ಎತ್ತಿಡು ಅಂತ ಗೊಣಗನಿಗೆ ಹೇಳಿದ್ದೇನೆ, ಪಾತ್ರೆ ಕಟ್ಟುವುದಕ್ಕೆ.

ಸಂಜೆ ಬಚ್ಚಲಲ್ಲಿ ಕೂತಾಗ ಅತ್ತೆಗೆ ಹೇಳಿದೆ, "ನಾನು ಅವತ್ತು ಹಂಗೆ ಹೇಳ್ಬಾರದಿತ್ತು."

ಗಾಳವೊಂದನ್ನು ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ನಿಲ್ಲಿಸಲಿಲ್ಲ. "ಹೇಳದೆ ಇದ್ದಿದ್ರೆ ಸಾಯೋ ತನಕ ನಿನ್ನ ದ್ವೇಷಿಸ್ಕೊಂಡು ಇರ್ತಿದ್ದೆ. ಅದು ಸುಲಭ ಇತ್ತು ಕಣೆ. ಬೆಳಗ್ಗೆ ಎದ್ದ ತಕ್ಷಣ ಒಂದು ಕೆಲಸ ಇರೋದು." ಆ ಗಾಳವನ್ನು ಟಬ್ಬಿನ ಅಂಚಿಗೆ ಸಿಕ್ಕಿಸಿ, "ಈಗ ಯಾರನ್ನ ದ್ವೇಷಿಸ್ಲಿ ಹೇಳು," ಎಂದರು.

ನಾನು ಮುಂದಿನ ಗಾಳಕ್ಕೆ ಕೈ ಹಾಕಿದೆ.

ಏಪ್ರಿಲ್ 12

ಬರೆಯುವುದಕ್ಕೆ ಪುರುಸೊತ್ತೇ ಆಗುತ್ತಿಲ್ಲ. ಉಪ್ಪಿನ ವಿಷಯಕ್ಕೆ ಅತ್ತೆಗೂ ನನಗೂ ಬೆಳಗ್ಗೆಯೇ ಜಗಳ. ನಾಲಿಗೆ ಸತ್ತಿದೆ ನಿಮಗೆ ಅಂದೆ. ನಿನ್ನ ನಾಲಿಗೆ ಮಸೆಯೋಕೆ ಅರ ಬೇಡ ಅಂದರು.

ಮಧ್ಯಾಹ್ನ ಬಟ್ಟೆ ಹಿಂಡುತ್ತಿದ್ದೆ. ಕೆಳಗೆ ಬೀದಿಯಲ್ಲಿ ಯಾರೋ ಶಿಳ್ಳೆ ಹಾಕಿಕೊಂಡು ಹೋದರು. ರಾಗವೂ ಇಲ್ಲ, ತಾಳವೂ ಇಲ್ಲ, ಬರೀ ಗಾಳಿ. ನಾನು ಕಿಟಕಿಗೆ ಹೋಗಿ, "ಅನ್ನ ಆರ್ತಿದೆ, ಮೊದಲು ಮೇಲೆ ಬಾರೋ," ಎಂದು ಕೂಗಿಯೇಬಿಟ್ಟೆ.

ಶಿಳ್ಳೆ ಹಾಕುತ್ತಿದ್ದವನು ತಲೆಯೆತ್ತಿ ನೋಡಿದ. ಯಾರೋ ಅಪರಿಚಿತ.

ನಾನು ಈ ಮನೆಗೆ ಬಂದಾಗ ಮೈದುನನಿಗೆ ಮೀಸೆ ಕೂಡ ಮೂಡಿರಲಿಲ್ಲ. ಹೀಗೇ ಶಿಳ್ಳೆ ಹಾಕಿಕೊಂಡು ಮೆಟ್ಟಿಲು ಹತ್ತಿ, ಅತ್ತಿಗೆ ಅತ್ತಿಗೆ ಅಂತ ಒಲೆಯ ಮುಂದೆ ಕೂತು ಪಾತ್ರೆಯಿಂದಲೇ ತಿನ್ನುತ್ತಿದ್ದ. ಅವನು ಸತ್ತ ಮೇಲೆ ಮನೆ ಉಳಿಸುವುದು, ಇವರನ್ನು ಉಳಿಸುವುದು, ಸುಳ್ಳನ್ನು ಉಳಿಸುವುದು ಇಷ್ಟೇ ಆಯಿತು. ಅವನಿಗಾಗಿ ಒಂದು ಹನಿ ಕಣ್ಣೀರು ಹಾಕಲಿಲ್ಲ ನಾನು. ಈ ಪುಟಗಳನ್ನು ತಿರುಗಿಸಿ ನೋಡಿದೆ, ಅವನು ಹೇಗೆ ಸತ್ತ ಅಂತ ಬರೆದಿದ್ದೇನೆ, ಹೇಗಿದ್ದ ಅಂತ ಒಂದು ಸಾಲೂ ಇಲ್ಲ.

ಕಿಟಕಿಯ ಬಳಿಯೇ ಕುಸಿದೆ. ಅತ್ತೆಗೂ ಶಿಳ್ಳೆ ಕೇಳಿಸಿತ್ತು. ನನ್ನ ತಲೆಯನ್ನು ಎಳೆದು ಮಡಿಲಲ್ಲಿ ಇಟ್ಟುಕೊಂಡರು. ಅಲ್ಲೇ ಮುಖ ಹುದುಗಿಸಿ, ಅವರ ಸೀರೆ ಒದ್ದೆಯಾಗುವವರೆಗೂ ಅತ್ತುಬಿಟ್ಟೆ.

ತಲೆ ಎತ್ತಿದಾಗ ಇವರು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಗಾಯದ ಎರಡೂ ಅಂಗೈಗಳ ನಡುವೆ ಒಂದು ಲೋಟ ಹಿಡಿದಿದ್ದರು. ಅರ್ಧ ನೀರು ದಾರಿಯಲ್ಲೇ ಚೆಲ್ಲಿತ್ತು.

"ಕುಡಿ," ಎಂದರು.

ಕುಡಿದೆ.